ಕಚ್ಚದ ಸೊಳ್ಳೆಗೆ ಎಷ್ಟು ಹೆಸರು?

ಕೋಲಾರ ಸೀಮೆಯಲ್ಲಿ ಕೆರೆಗೆ ನೀರು ಬಂತೆಂದರೆ ಸಂಜೆಯ ದೀಪಕ್ಕೆ ಹುಳುವೂ ಬರುತ್ತದೆ. ಏರಿ ಪಕ್ಕದ ಮನೆಗಳ ಗೋಡೆ, ಅಂಗಡಿಯ ಟ್ಯೂಬ್‌ಲೈಟು, ಪೆಟ್ರೋಲ್ ಬಂಕಿನ ಚಾವಣಿ ಎಲ್ಲೆಡೆ ತೆಳುಹಸಿರು ಅಥವಾ ಕಂದು ಬಣ್ಣದ, ಉದ್ದ ಕಾಲುಗಳ, ನೋಡಲು ಥೇಟ್ ಸೊಳ್ಳೆಯಂತಿರುವ ಕೀಟಗಳು ಕವಿದುಕೊಳ್ಳುತ್ತವೆ. ಬೆಳಗ್ಗೆ ಕಿಟಕಿಯ ಕೆಳಗೆ ಗುಡಿಸಿದರೆ ಮೊರ ತುಂಬುವಷ್ಟು ಸತ್ತು ಬಿದ್ದಿರುತ್ತವೆ. ಜನ ಇವನ್ನು ಸೊಳ್ಳೆ ಎನ್ನುತ್ತಾರೆ. ತೆಲುಗು ಮನೆಮಾತಿನವರು ದೋಮ ಎನ್ನುತ್ತಾರೆ. ಸ್ವಲ್ಪ ಗಮನಿಸಿ ನೋಡಿದವರು ನುಸಿ ಎನ್ನುತ್ತಾರೆ. ಗ್ರಾಮ ಪಂಚಾಯಿತಿಗೆ ಹೋಗುವ ಅರ್ಜಿಯಲ್ಲಿ ಮಾತ್ರ ಸೊಳ್ಳೆ ಎಂದೇ ಇರುತ್ತದೆ. ಹಾಗೆ ಬರೆದರೆ ತಾನೇ ಫಾಗಿಂಗ್ ಯಂತ್ರ ಬರುವುದು!

ಹೀಗೆ ದೀಪಕ್ಕೆ ಮುತ್ತುವ ಕೀಟಗಳಲ್ಲಿ ದೊಡ್ಡ ಪಾಲು ಸೊಳ್ಳೆಯಲ್ಲ. ಅವು ಕಚ್ಚುವುದಿಲ್ಲ. ರಕ್ತ ಹೀರುವ ಕೊಳವೆಯೇ ಅವಕ್ಕಿಲ್ಲ. ಪ್ರೌಢ ಕೀಟಗಳಲ್ಲಿ ಹೆಚ್ಚಿನವು ಏನನ್ನೂ ತಿನ್ನುವುದಿಲ್ಲ. ಕೆಲವು ಮಕರಂದವನ್ನೋ ಎಲೆಯ ಮೇಲಿನ ಸಿಹಿ ಜಿಗುಟನ್ನೋ ನೆಕ್ಕಿ, ಕೆಲವೇ ದಿನ ಬದುಕಿ, ಮೊಟ್ಟೆಯಿಟ್ಟು ಸಾಯುತ್ತವೆ. ಕೀಟವಿಜ್ಞಾನಿಗಳು ಇವನ್ನು ಕೈರೊನೊಮಿಡೇ ಎಂಬ ಕುಟುಂಬದಲ್ಲಿ ಇಟ್ಟಿದ್ದಾರೆ. ಹೆಸರಿಟ್ಟಿರುವ ಪ್ರಭೇದಗಳೇ 6,000ಕ್ಕಿಂತ ಹೆಚ್ಚು. ಹೆಸರಿಡಲು ಉಳಿದಿರುವವು ಅದಕ್ಕಿಂತಲೂ ಹೆಚ್ಚೆಂಬ ಅಂದಾಜುಗಳಿವೆ.

ಇಷ್ಟು ದೊಡ್ಡ ಬಳಗಕ್ಕೆ ಜನರ ಬಾಯಲ್ಲಿ ನೆಟ್ಟಗೆ ಒಂದು ಹೆಸರಿಲ್ಲ. ಜನ ಹುಳುವಿಗೆ ಹೆಸರಿಡುವಾಗ ಅದು ತಮಗೆ ಏನು ಮಾಡುತ್ತದೆ ಎಂದು ನೋಡುತ್ತಾರೆ. ವರ್ಗೀಕರಣ ಮಾಡುವವರು ಅದು ಯಾರ ವಂಶದ್ದು ಎಂದು ನೋಡುತ್ತಾರೆ. ಎರಡೂ ಸರಿಯಾದ ಪ್ರಶ್ನೆಗಳೇ. ಆದರೆ ಒಂದರ ಉತ್ತರವನ್ನು ಇನ್ನೊಂದಕ್ಕೆ ಬಳಸಿದಾಗ ಔಷಧಿಯೂ ಹಣವೂ ವ್ಯರ್ಥವಾಗುತ್ತವೆ.

ಗೋಡೆಯ ಮೇಲೆ ಕುಳಿತಾಗ

ಗುರುತಿಸಲು ಭೂತಗನ್ನಡಿಯೂ ಬೇಕಿಲ್ಲ. ಕುಳಿತಿರುವ ಹುಳುವಿನ ಕಾಲು ನೋಡಿ. ಸೊಳ್ಳೆ ಕುಳಿತಾಗ ಸಾಮಾನ್ಯವಾಗಿ ಹಿಂಗಾಲುಗಳನ್ನು ಮೇಲೆತ್ತಿರುತ್ತದೆ. ಕೈರೊನೊಮಿಡ್ ಮುಂಗಾಲುಗಳನ್ನು ಎತ್ತಿ ಮುಂದೆ ಚಾಚಿ, ಆಗಾಗ ಅಲ್ಲಾಡಿಸುತ್ತದೆ. ಕುಟುಂಬದ ಹೆಸರಿಗೆ ಮೂಲವಾದ ಗ್ರೀಕ್ ಪದವೂ ಕೈಯಾಡಿಸಿ ಅಭಿನಯಿಸುವವನನ್ನೇ ಸೂಚಿಸುತ್ತದೆ. ಇನ್ನು ಬಾಯಿ: ಸೊಳ್ಳೆಗೆ ತಲೆಯ ಮುಂದೆ ಸೂಜಿಯಂಥ ಉದ್ದ ಕೊಳವೆ ಎದ್ದು ಕಾಣುತ್ತದೆ, ಇದಕ್ಕೆ ಅದಿಲ್ಲ. ಸೊಳ್ಳೆಯ ರೆಕ್ಕೆಯ ನರಗಳ ಮೇಲೆ ಸಣ್ಣ ಹುರುಪೆಗಳಿರುತ್ತವೆ, ಹೊಸಕಿದರೆ ಬೆರಳಿಗೆ ಬೂದಿಯಂತೆ ಅಂಟುತ್ತವೆ; ಇದರ ರೆಕ್ಕೆಯಲ್ಲಿ ಅಂಥ ಹುರುಪೆಯಿಲ್ಲ, ಮತ್ತು ಗಂಡಿನಲ್ಲಿ ರೆಕ್ಕೆ ಹೊಟ್ಟೆಯ ತುದಿಯವರೆಗೂ ಬರುವುದಿಲ್ಲ.

ಗೊಂದಲಕ್ಕೆ ಕಾರಣವಾಗುವುದು ಕುಡಿಮೀಸೆ. ಗಂಡಿನ ಕುಡಿಮೀಸೆ ನವಿಲಿನ ತುಪ್ಪುಳದಷ್ಟು ದಟ್ಟವಾಗಿರುತ್ತದೆ. ಗಂಡು ಸೊಳ್ಳೆಯದೂ ಹಾಗೆಯೇ. ಇಬ್ಬರಿಗೂ ಅದು ಕಿವಿ: ಹೆಣ್ಣಿನ ರೆಕ್ಕೆಯ ಸದ್ದನ್ನು ಹಿಡಿಯುವುದಕ್ಕೆ. ಏರಿಯ ಮೇಲೆ ಸಂಜೆ ನಡೆಯುವವರ ತಲೆಯ ಮೇಲೆ ಕಂಬದಂತೆ ಎದ್ದು ಮೇಲಕ್ಕೂ ಕೆಳಕ್ಕೂ ಕುಣಿಯುವ ಹಿಂಡು ಬಹುತೇಕ ಗಂಡುಗಳದೇ. ಪೊದೆಯೋ ಕಲ್ಲುಗಂಬವೋ ನಿಮ್ಮ ತಲೆಯೋ, ಎತ್ತರದ ಒಂದು ಗುರುತು ಸಿಕ್ಕರೆ ಸಾಕು, ಅದರ ಮೇಲೆ ಹಿಂಡು ನಿಲ್ಲುತ್ತದೆ. ಹೆಣ್ಣು ಒಳನುಗ್ಗುತ್ತದೆ, ಜೋಡಿ ಹೊರಬೀಳುತ್ತದೆ. ನಮ್ಮ ರಕ್ತದ ಮೇಲೆ ಆ ಹಿಂಡಿಗೆ ಯಾವ ಆಸಕ್ತಿಯೂ ಇಲ್ಲ.

ನುಸಿ ಎಂದರೆ ಯಾವುದು?

ಇಂಗ್ಲಿಷಿನಲ್ಲಿ ಇವಕ್ಕೆ ಮಿಜ್ ಎನ್ನುತ್ತಾರೆ. ಕಚ್ಚುವುದಿಲ್ಲ ಎಂಬ ವಿಶೇಷಣವನ್ನು ಮುಂದೆ ಸೇರಿಸುತ್ತಾರೆ. ಸೇರಿಸಲೇಬೇಕು, ಏಕೆಂದರೆ ಸ್ಕಾಟ್ಲೆಂಡಿನಲ್ಲಿ ಬರಿಯ ಮಿಜ್ ಎಂದರೆ ಕಚ್ಚಿ ಪ್ರಾಣ ಹಿಂಡುವ ಬೇರೆಯೇ ಕುಟುಂಬದ ಹುಳು. ಮಿಜ್ ಎನ್ನುವುದು ವಂಶದ ಹೆಸರಲ್ಲ. ಸಣ್ಣದು, ನಾಜೂಕಾದದ್ದು, ಎರಡು ರೆಕ್ಕೆಯದು ಎಂಬುದಷ್ಟೇ ಅದರ ಅರ್ಥ.

ನಮ್ಮ ನುಸಿಯ ಕಥೆ ಇನ್ನೂ ವಿಶಾಲ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗು ಬೆಳೆಗಾರರ ಮುಂದೆ ನುಸಿ ಎಂದು ನೋಡಿ. ಅವರಿಗೆ ನೆನಪಾಗುವುದು 1990ರ ದಶಕದ ಕೊನೆಯಿಂದ ಎಳೆಗಾಯಿಗಳನ್ನು ಕಂದುಗಟ್ಟಿಸಿ, ಬಿರುಕು ಬಿಡಿಸಿ, ಕೊಬ್ಬರಿಯ ಆದಾಯವನ್ನೇ ಕುಗ್ಗಿಸಿದ ನುಸಿ ಪೀಡೆ. ಆ ನುಸಿಗೆ ರೆಕ್ಕೆಯಿಲ್ಲ. ಅದು ಕೀಟವೂ ಅಲ್ಲ. ತೊಟ್ಟಿನ ಸಿಪ್ಪೆಯ ಕೆಳಗೆ ಅಡಗುವ, ಬರಿಗಣ್ಣಿಗೆ ಕಾಣದ ಆ ಜೀವಿ ಜೇಡ ಮತ್ತು ಉಣ್ಣಿಗಳ ಬಳಗದ್ದು. ಶ್ರೀನಿವಾಸಪುರದ ಮಾವಿನ ತೋಟದಲ್ಲಿ ಹೂಗೊಂಚಲನ್ನೂ ಚಿಗುರನ್ನೂ ಗಂಟುಗಟ್ಟಿಸುವ ಸಣ್ಣ ನೊಣವನ್ನು ಕೃಷಿ ಅಧಿಕಾರಿಗಳು ಗಾಲ್ ಮಿಜ್ ಎನ್ನುತ್ತಾರೆ. ಭತ್ತದ ಗದ್ದೆಯಲ್ಲಿ ಸುಳಿಯನ್ನು ಈರುಳ್ಳಿ ಎಲೆಯಂತೆ ಕೊಳವೆಯಾಗಿಸುವ ಅದರ ದಾಯಾದಿಗೆ ಕನ್ನಡದಲ್ಲಿ ಕಣೆ ನೊಣ ಎಂಬ ಸೊಗಸಾದ ಹೆಸರಿದೆ. ಇವೆರಡೂ ಸೆಸಿಡೊಮಯಿಡೇ ಕುಟುಂಬದವು. ಮಿಜ್ ಎಂಬ ಹೆಸರು ಹಂಚಿಕೊಂಡರೂ ಕೆರೆಯ ಹುಳುವಿಗೆ ಹತ್ತಿರದ ನೆಂಟರಲ್ಲ.

ಹತ್ತಿರದ ನೆಂಟ ಬೇರೆ ಇದೆ, ಅದೇ ತೊಂದರೆಯದು. ಶಿರಾ, ಪಾವಗಡದ ಕುರಿಗಾಹಿಗಳಿಗೆ ನೀಲಿ ನಾಲಿಗೆ ರೋಗ ಗೊತ್ತು. ಮಳೆಗಾಲದ ನಂತರ ಕುರಿಯ ತುಟಿ ಊದಿಕೊಂಡು, ಬಾಯಿ ಹುಣ್ಣಾಗಿ, ಕಾಲು ಕುಂಟಲು ಶುರುವಾಗುತ್ತದೆ. ಈ ವೈರಸ್ಸನ್ನು ಕುರಿಯಿಂದ ಕುರಿಗೆ ಸಾಗಿಸುವುದು ಕ್ಯುಲಿಕಾಯ್ಡಿಸ್ ಎಂಬ ಕುಲದ, ಒಂದರಿಂದ ಮೂರು ಮಿಲಿಮೀಟರಿನ ಕಚ್ಚುವ ನುಸಿ. ಸಗಣಿ ಬೆರೆತ ಹಸಿ ಕೆಸರಿನಲ್ಲಿ ಅದರ ಮರಿಗಳು ಬೆಳೆಯುತ್ತವೆ. ಅದರ ಕುಟುಂಬ ಸೆರಾಟೊಪೊಗೊನಿಡೇ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಈ ಕಚ್ಚುವ ನುಸಿಗಳನ್ನು ಕೈರೊನೊಮಿಡೇಯ ಒಳಗೇ ಒಂದು ಉಪಕುಟುಂಬವೆಂದು ಎಣಿಸುತ್ತಿದ್ದರು. ಈಗ ಬೇರೆ ಮಾಡಿದ್ದಾರೆ, ಆದರೆ ಪಕ್ಕದ ಮನೆಯಲ್ಲೇ ಇಟ್ಟಿದ್ದಾರೆ. ಅಂದರೆ ಕಚ್ಚದ ನುಸಿಯ ಆಪ್ತ ಬಂಧುಗಳಲ್ಲಿ ಒಂದು ಕಚ್ಚುವ ನುಸಿ. ಇನ್ನೂ ತಮಾಷೆಯೆಂದರೆ ಕಚ್ಚುವ ನುಸಿಗಳೆಂಬ ಆ ಕುಟುಂಬದ ಎಲ್ಲರೂ ಕಚ್ಚುವುದಿಲ್ಲ. ಕೋಕೋ ಹೂವಿಗೆ ಪರಾಗಸ್ಪರ್ಶ ಮಾಡುವ ಮುಖ್ಯ ಕೀಟಗಳು ಅದೇ ಕುಟುಂಬದ ಫಾರ್ಸಿಪೊಮಿಯಾ ಕುಲದವು. ಅವಿಲ್ಲದೆ ಚಾಕೊಲೇಟ್ ಇಲ್ಲ.

ಬೇರೆ ದೇಶಗಳೂ ಈ ಹೆಸರಿನ ಗೋಜಿನಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಕೈರೊನೊಮಿಡ್‌ಗಳನ್ನು ಕುರುಡು ಸೊಳ್ಳೆ ಎನ್ನುತ್ತಾರೆ. ಅವಕ್ಕೆ ಕಣ್ಣು ಚೆನ್ನಾಗಿಯೇ ಇವೆ. ವಿಸ್ಕಾನ್ಸಿನ್‌ನ ವಿನ್ನೆಬಾಗೊ ಸರೋವರದ ಸುತ್ತ ಅವು ಸರೋವರದ ನೊಣ. ಆಫ್ರಿಕಾದ ವಿಕ್ಟೋರಿಯಾ ಸರೋವರದಲ್ಲಿಯೂ ಅದೇ ಹೆಸರು, ಆದರೆ ಅಲ್ಲಿ ನೀರಿನ ಮೇಲೆ ಹೊಗೆಯಂತೆ ಏಳುವ ಹಿಂಡುಗಳಲ್ಲಿ ಕಯೊಬೊರಿಡೇ ಎಂಬ ಬೇರೆ ಕುಟುಂಬದ ಹುಳುಗಳೂ ಸೇರಿರುತ್ತವೆ. ಮಲಾವಿ ಸರೋವರದ ದಡದ ಜನ ಅಂಥ ಹಿಂಡುಗಳನ್ನು ಹಿಡಿದು ಒತ್ತಿ, ಕುಂಗು ಎಂಬ ಉಂಡೆ ಮಾಡಿ ತಿನ್ನುತ್ತಾರೆ. ಸುಡಾನಿನಲ್ಲಿ ನೈಲ್ ನದಿಯ ದಡದವರು ಹಸಿರು ಹುಳುವೊಂದನ್ನು ನಿಮಿತ್ತಿ ಎನ್ನುತ್ತಾರೆ, ಅದರ ಮಾತು ಮುಂದೆ ಬರುತ್ತದೆ. ಜಪಾನಿನವರು ಮರಿಹುಳುವಿನ ಅಲುಗಾಟ ನೋಡಿ ಯುಸುರಿಕಾ, ಅಂದರೆ ಅಲುಗುವ ಸೊಳ್ಳೆ, ಎಂದರು. ಬ್ರಿಟನ್ನಿನ ಗಾಳ ಹಾಕುವವರಿಗೆ ಅದು ಬಜ಼ರ್. ಟ್ರೌಟ್ ಮೀನಿಗೆ ಅದರ ನಕಲಿ ಮಾಡಿ ಗಾಳಕ್ಕೆ ಕಟ್ಟುತ್ತಾರೆ. ಐಸ್‌ಲ್ಯಾಂಡಿನ ಮಿವಾಟ್ನ್ ಸರೋವರದ ಹೆಸರೇ ನುಸಿ ಸರೋವರ.

ಕನ್ನಡದಲ್ಲಿ ಏನನ್ನಬೇಕು? ಕಚ್ಚದ ಸೊಳ್ಳೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ. ಸೊಳ್ಳೆ ಎಂಬ ಮಾತು ಉಳಿದರೆ ಫಾಗಿಂಗೂ ಉಳಿಯುತ್ತದೆ. ಕೆರೆ ನುಸಿ ಎನ್ನುವುದು ನಮ್ಮ ಕಡೆಗೆ ಹೊಂದುತ್ತದೆ. ಎಲ್ಲಿಂದ ಬರುತ್ತದೆ ಎಂದಾದರೂ ಅದು ಹೇಳುತ್ತದೆ. ಹೊಳೆ, ಚರಂಡಿ, ಸಮುದ್ರ, ಹಿಮನದಿಗಳ ಬಂಧುಗಳನ್ನು ಅದು ಬಿಟ್ಟುಬಿಡುತ್ತದೆ ನಿಜ. ಆದರೆ ಕೋಲಾರದಲ್ಲಿ ಹಿಮನದಿಯ ಚಿಂತೆ ಯಾರಿಗೂ ಇಲ್ಲ. ಈ ಲೇಖನದ ಮುಂದಿನ ಭಾಗದಲ್ಲಿ ಹಾಗೆಯೇ ಕರೆಯುತ್ತೇನೆ.

ಮೈಗೆನ್ ಬಿಟ್ಟುಹೋದ ತಂಟೆ

ವಿಜ್ಞಾನದ ಹೆಸರುಗಳಾದರೂ ಸ್ಥಿರ ಎಂದುಕೊಂಡರೆ ಅದೂ ಪೂರ್ತಿ ನಿಜವಲ್ಲ. ಲಿನೇಯಸ್ 1758ರಲ್ಲಿ ಈ ಬಳಗದ ಒಂದು ದೊಡ್ಡ ಪ್ರಭೇದವನ್ನು ಉದ್ದಗಾಲಿನ ನೊಣಗಳ ಟಿಪ್ಯುಲಾ ಕುಲಕ್ಕೆ ಸೇರಿಸಿ ಟಿಪ್ಯುಲಾ ಪ್ಲುಮೋಸಾ ಎಂದು ಹೆಸರಿಟ್ಟಿದ್ದರು. ಎರಡು ರೆಕ್ಕೆಯ ಕೀಟಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಜರ್ಮನಿಯ ಯೊಹಾನ್ ವಿಲ್ಹೆಲ್ಮ್ ಮೈಗೆನ್ ಅದನ್ನು ಬಿಡಿಸಿ ಹೊಸ ಕುಲ ಮಾಡಿದರು. ತಂಟೆ ಇಲ್ಲಿಂದಲೇ ಶುರು. 1800ರಲ್ಲಿ ಹೊರಬಂದ ಸಣ್ಣ ಪ್ರಬಂಧವೊಂದರಲ್ಲಿ ಅವರು ಈ ಕುಲಕ್ಕೆ ಟೆಂಡಿಪಿಸ್ ಎಂದರು. ಮೂರೇ ವರ್ಷದಲ್ಲಿ, 1803ರಲ್ಲಿ, ಮನಸ್ಸು ಬದಲಾಯಿಸಿ ಕೈರೊನೊಮಸ್ ಎಂದರು. ಮೊದಲಿನ ಪ್ರಬಂಧವನ್ನು ಎಲ್ಲರೂ ಮರೆತರು. ನೂರು ವರ್ಷ ಕೈರೊನೊಮಸ್ ಹೆಸರೇ ನಡೆಯಿತು. 1834ರಲ್ಲಿ ಕುಟುಂಬದ ಹೆಸರೂ ಅದರಿಂದಲೇ ಆಯಿತು.

1908ರಲ್ಲಿ ಹೆಂಡೆಲ್ ಎಂಬ ಆಸ್ಟ್ರಿಯಾದ ವಿದ್ವಾಂಸರು ಮರೆತುಹೋದ ಪ್ರಬಂಧವನ್ನು ಹೊರತೆಗೆದರು. ಪ್ರಾಣಿಗಳ ಹೆಸರಿನ ನಿಯಮದಲ್ಲಿ ಮೊದಲು ಇಟ್ಟ ಹೆಸರಿಗೇ ಹಕ್ಕು. ಹಳೆಯ ಪತ್ರವೊಂದು ಅಟ್ಟದಲ್ಲಿ ಸಿಕ್ಕಿ ನೂರು ವರ್ಷ ಉಳುಮೆ ಮಾಡಿದವನ ಪಹಣಿಯೇ ಅಲುಗಾಡಿದಂತೆ ಆಯಿತು. ಕೆಲವರು ಟೆಂಡಿಪಿಸ್ ಎಂದೂ ಕುಟುಂಬಕ್ಕೆ ಟೆಂಡಿಪೆಡಿಡೇ ಎಂದೂ ಬರೆಯತೊಡಗಿದರು, ಉಳಿದವರು ಹಳೆಯದನ್ನು ಬಿಡಲಿಲ್ಲ. ಕಚ್ಚುವ ನುಸಿಗಳಿಗೂ ಹೆಲೆಯಿಡೇ ಎಂಬ ಎರಡನೇ ಹೆಸರು ಬಂತು. ಒಂದೇ ಹುಳುವಿನ ಬಗ್ಗೆ ಎರಡು ಹೆಸರಿನ ಸಾಹಿತ್ಯ ದಶಕಗಳ ಕಾಲ ಜೊತೆಜೊತೆಯಾಗಿ ಬೆಳೆಯಿತು. ಕೊನೆಗೆ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗ 1963ರಲ್ಲಿ ಮೈಗೆನ್ನರ 1800ರ ಪ್ರಬಂಧವನ್ನೇ ಅಸಿಂಧುಗೊಳಿಸಿತು. ನಿಯಮಕ್ಕಿಂತ ರೂಢಿ ಗೆದ್ದ ಸಂದರ್ಭ ಇದು. ಹಳೆಯ ಪುಸ್ತಕದಲ್ಲಿ ಟೆಂಡಿಪೆಡಿಡೇ ಕಂಡರೆ ಗಾಬರಿಯಾಗಬೇಡಿ, ಅದು ಕೆರೆ ನುಸಿಯೇ.

ಭಾರತದ ಕೆರೆ ನುಸಿಗಳಿಗೆ ಮೊದಲ ಸುತ್ತಿನ ಹೆಸರುಗಳನ್ನು ಇಟ್ಟವರಲ್ಲಿ ಮುಖ್ಯರು ಜೀನ್ ಜಾಕ್ ಕೀಫರ್. ಜರ್ಮನಿ ಫ್ರಾನ್ಸ್ ಗಡಿಯ ಬಿಚ್ ಪಟ್ಟಣದ ಪಾದ್ರಿ ಮತ್ತು ಶಾಲಾ ಉಪಾಧ್ಯಾಯರು. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂ ಸಂಗ್ರಹದ ಹುಳುಗಳನ್ನು ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿವರಿಸಿದರು. ಆಮೇಲಿನ ಕೆಲಸದಲ್ಲಿ ಬಂಗಾಳದ ಬರ್ದ್ವಾನ್ ವಿಶ್ವವಿದ್ಯಾಲಯದವರ ಪಾಲು ದೊಡ್ಡದು.

ಹನ್ನೊಂದು ಕವಲು

ಈಗ ವಂಶವೃಕ್ಷ. ನೊಣ, ಸೊಳ್ಳೆ, ನುಸಿಗಳೆಲ್ಲ ಸೇರಿದ್ದು ಡಿಪ್ಟೆರಾ, ಅಂದರೆ ದ್ವಿಪಕ್ಷಿಗಳ ಗಣ. ಬೇರೆ ಕೀಟಗಳಿಗೆ ನಾಲ್ಕು ರೆಕ್ಕೆ ಇದ್ದರೆ ಇವಕ್ಕೆ ಎರಡೇ; ಹಿಂದಿನ ಜೋಡಿ ಸಣ್ಣ ಗುಂಡಿಗಳಾಗಿ ಹಾರಾಟದಲ್ಲಿ ಸಮತೋಲ ಕಾಯುತ್ತವೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರನ್ನು 1980ರಿಂದ ಕಾಡುತ್ತಿರುವ ಊಜಿ ನೊಣವೂ ಈ ಗಣದ್ದೇ, ಆದರೆ ಅದು ಗಿಡ್ಡ ಕುಡಿಮೀಸೆಯ ದಪ್ಪ ನೊಣಗಳ ಕವಲು. ಉದ್ದ ಕುಡಿಮೀಸೆಯವನ್ನು ಮೊದಲು ನೆಮಟೊಸೆರಾ ಎಂಬ ಒಂದೇ ಗುಂಪಾಗಿ ಹಿಡಿಯುತ್ತಿದ್ದರು. ಅದು ಒಂದೇ ತಾಯಿಯ ಎಲ್ಲ ಮಕ್ಕಳ ಗುಂಪಲ್ಲ ಎಂದು ಈಗ ಗೊತ್ತಾಗಿದೆ. ಅದರೊಳಗಿನ ಕ್ಯುಲಿಕೊಮಾರ್ಫಾ ಎಂಬ ಕವಲಿನಲ್ಲಿ ಸೊಳ್ಳೆ ಒಂದು ಕಡೆ. ಇನ್ನೊಂದು ಕಡೆ ಕೆರೆ ನುಸಿ, ಕಚ್ಚುವ ನುಸಿ ಮತ್ತು ಹರಿಯುವ ತೊರೆಗಳಲ್ಲಿ ಬೆಳೆಯುವ ಕರಿನೊಣ. ಈ ಪುಟ್ಟ ಕೊಂಬೆಗಳ ಕ್ರಮದ ಬಗ್ಗೆ ಡಿಎನ್‌ಎ ಅಧ್ಯಯನಗಳು ಇನ್ನೂ ಜಗಳ ಎಬ್ಬಿಸುತ್ತಿವೆ.

ಹೆಸರಿನ ಬಾಲ ಗಮನಿಸಿದರೆ ಮಟ್ಟ ತಿಳಿಯುತ್ತದೆ: ಡೇ ಎಂದು ಮುಗಿದರೆ ಕುಟುಂಬ, ನೇ ಎಂದು ಮುಗಿದರೆ ಉಪಕುಟುಂಬ. ಕೈರೊನೊಮಿಡೇಯಲ್ಲಿ ಹನ್ನೊಂದು ಉಪಕುಟುಂಬಗಳನ್ನು ಒಪ್ಪುತ್ತಾರೆ. ಹನ್ನೊಂದನ್ನೂ ಇಲ್ಲಿ ಪಟ್ಟಿ ಮಾಡಿ ಉಪಯೋಗವಿಲ್ಲ. ಒಂದೆರಡಂತೂ ತೀರಾ ಅಪರೂಪ. ಉಸಾಂಬರೊಮಿಯಿನೇ ಎಂಬುದಕ್ಕೆ ಟಾಂಜಾನಿಯಾದ ಉಸಾಂಬರಾ ಬೆಟ್ಟಗಳೇ ಹೆಸರು ಕೊಟ್ಟಿವೆ. ನಮ್ಮ ಬಯಲುಸೀಮೆಯಲ್ಲಿ ಲೆಕ್ಕಕ್ಕೆ ಬರುವವು ಮೂರು. ಬೆಚ್ಚಗಿನ, ನಿಂತ ನೀರಿನ ರಾಜ ಕೈರೊನೊಮಿನೇ. ಮರಿಗಳು ಗೋಡುಮಣ್ಣಿನಲ್ಲಿ ಕೊಳವೆ ಕಟ್ಟಿಕೊಂಡು ಕುಳಿತಲ್ಲೇ ತಿನ್ನುತ್ತವೆ. ಟ್ಯಾನಿಪೊಡಿನೇ ಮರಿಗಳಿಗೆ ಮನೆಯಿಲ್ಲ. ತಿರುಗಾಡುತ್ತ ಬೇರೆ ಹುಳುಗಳನ್ನು, ಎಷ್ಟೋ ಸಲ ತಮ್ಮ ಕೈರೊನೊಮಿನೇ ನೆಂಟರನ್ನೇ, ನುಂಗುತ್ತವೆ. ಆರ್ಥೊಕ್ಲಾಡಿಯಿನೇ ತಂಪಿನ, ಹರಿಯುವ ನೀರನ್ನು ಇಷ್ಟಪಡುವ ದೊಡ್ಡ ಗುಂಪು. ನಂದಿಬೆಟ್ಟದ ಬುಡದ ತೊರೆಗಳಂಥ ಕಡೆ, ಕಲ್ಲಿನ ಮೇಲಿನ ಪಾಚಿಯಲ್ಲಿ ಹುಡುಕಬೇಕಾದ್ದು ಇದನ್ನು.

ಹೊರಗಿನ ಕವಲುಗಳ ಸಾಹಸ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಡಯಮೆಸಿನೇಯ ಒಂದು ಪ್ರಭೇದ ನೇಪಾಳದ ಹಿಮನದಿಯ ಮೇಲೆ ಸೊನ್ನೆಗಿಂತ 16 ಡಿಗ್ರಿ ಕೆಳಗಿನ ಚಳಿಯಲ್ಲೂ ನಡೆದಾಡುತ್ತದೆ. ಟೆಲ್ಮಟೊಜೆಟೊನಿನೇ ಸಮುದ್ರದ ಅಲೆ ಬಡಿಯುವ ಬಂಡೆಗಳ ಮೇಲಿನದು. ಅಂಟಾರ್ಕ್ಟಿಕಾದಲ್ಲಿ ವರ್ಷವಿಡೀ ನೆಲದ ಮೇಲೇ ಬದುಕುವ ಪ್ರಾಣಿಗಳಲ್ಲಿ ಅತಿ ದೊಡ್ಡದು ಪೆಂಗ್ವಿನ್ ಅಲ್ಲ, ಅದಕ್ಕೆ ಸಮುದ್ರ ಬೇಕು. ಬೆಲ್ಜಿಕಾ ಅಂಟಾರ್ಕ್ಟಿಕಾ ಎಂಬ ಅರ್ಧ ಸೆಂಟಿಮೀಟರ್ ಉದ್ದದ, ರೆಕ್ಕೆಯಿಲ್ಲದ ಆರ್ಥೊಕ್ಲಾಡಿಯಿನೇ ನುಸಿ. ಆಫ್ರಿಕಾದ ಪಾಲಿಪೆಡಿಲಮ್ ವಾಂಡರ್‌ಪ್ಲಾಂಕಿಯ ಮರಿ ಬಂಡೆಯ ಮೇಲಿನ ಕುಳಿಗಳಲ್ಲಿ ಬೆಳೆಯುತ್ತದೆ. ಅಂತರಗಂಗೆ ಬೆಟ್ಟದಲ್ಲಿ ಮಳೆ ನಿಂತ ಮೇಲೆ ಕಾಣುವಂಥ ಕುಳಿಗಳು ಅವು, ಕೆಲವೇ ದಿನದಲ್ಲಿ ಒಣಗುತ್ತವೆ. ಆಗ ಆ ಮರಿ ಮೈಯ ನೀರಿನಲ್ಲಿ ಶೇ. 97ರಷ್ಟನ್ನು ಬಿಟ್ಟುಕೊಟ್ಟು, ಟ್ರೆಹಲೋಸ್ ಎಂಬ ಸಕ್ಕರೆಯಲ್ಲಿ ತನ್ನ ಜೀವಕೋಶಗಳನ್ನು ಕಾಪಿಟ್ಟು, ಒಣಕಡ್ಡಿಯಾಗಿ ವರ್ಷಗಟ್ಟಲೆ ಬಿದ್ದಿರುತ್ತದೆ. ನೀರು ತಾಗಿದರೆ ಮತ್ತೆ ಅಲುಗುತ್ತದೆ. ಇದನ್ನು ಅಂತರಿಕ್ಷ ನಿಲ್ದಾಣಕ್ಕೂ ಕಳುಹಿಸಿದ್ದಾರೆ.

ಸ್ವೀಡನ್ನಿನ ಲಾರ್ಸ್ ಬ್ರುಂಡಿನ್ 1966ರಲ್ಲಿ ಈ ಉಪಕುಟುಂಬಗಳಿಂದಲೇ ಭೂಗೋಳದ ದೊಡ್ಡ ವಾದವೊಂದಕ್ಕೆ ಸಾಕ್ಷಿ ಒದಗಿಸಿದರು. ದಕ್ಷಿಣ ಅಮೆರಿಕದ ತುದಿ, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ತೊರೆಗಳಲ್ಲಿರುವ ಪೊಡೊನೊಮಿನೇ ಮೊದಲಾದ ನುಸಿಗಳು ಒಂದಕ್ಕೊಂದು ಎಷ್ಟು ಹತ್ತಿರದವೆಂದು ಅವರು ವಂಶಾವಳಿ ಬಿಡಿಸಿ ತೋರಿಸಿದರು. ಸಾಗರ ದಾಟಿ ಹಾರುವ ಶಕ್ತಿ ಅವಕ್ಕಿಲ್ಲ. ಹಾಗಾದರೆ ಆ ನೆಲಗಳೇ ಹಿಂದೆ ಕೂಡಿಕೊಂಡಿದ್ದವು ಎಂಬುದೇ ತೀರ್ಮಾನ. ಖಂಡಗಳು ಸರಿಯುತ್ತವೆ ಎಂಬುದನ್ನು ಭೂವಿಜ್ಞಾನಿಗಳೇ ಆಗಿನ್ನೂ ಪೂರ್ತಿ ನಂಬಿರಲಿಲ್ಲ.

ಕೆಂಪು ಮರಿ, ಅದರ ರೇಷ್ಮೆ

ಅಕ್ವೇರಿಯಂ ಸಾಕುವವರಿಗೆ ಕೆರೆ ನುಸಿ ಪರಿಚಯವಾಗಿರುವುದು ಬ್ಲಡ್‌ವರ್ಮ್ ಎಂಬ ಹೆಸರಿನಲ್ಲಿ. ಅಂಗಡಿಯ ಫ್ರಿಜ್‌ನಲ್ಲಿ ಚೌಕ ಚೌಕವಾಗಿ ಹೆಪ್ಪುಗಟ್ಟಿಸಿ ಇಟ್ಟ ಕೆಂಪು ಹುಳುಗಳು ಕೈರೊನೊಮಿನೇ ಮರಿಗಳು. ಅದೇ ಅಂಗಡಿಯಲ್ಲಿ ಸಿಗುವ ಟ್ಯೂಬಿಫೆಕ್ಸ್ ಕೂಡ ಕೆಂಪೇ, ಆದರೆ ಅದು ಎರೆಹುಳುವಿನ ಕಡೆಯದು, ನುಸಿಯಲ್ಲ. ಎರಡಕ್ಕೂ ಬಣ್ಣ ಕೊಡುವುದು ಹಿಮೋಗ್ಲೋಬಿನ್. ಕೀಟಗಳಲ್ಲಿ ಅದು ಅಪರೂಪ. ಕೆರೆಯ ತಳದ ಗೋಡಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಅಲ್ಲಿ ಸಿಕ್ಕಷ್ಟನ್ನು ಬಿಗಿಯಾಗಿ ಹಿಡಿದುಕೊಳ್ಳಲು ಈ ಮರಿ ತನ್ನ ಮೈದ್ರವದಲ್ಲೇ ಹಿಮೋಗ್ಲೋಬಿನ್ ಕರಗಿಸಿಟ್ಟುಕೊಂಡಿದೆ. ಉಳಿದ ಹುಳುಗಳು ಉಸಿರುಗಟ್ಟುವ ಜಾಗ ಇದಕ್ಕೆ ಮನೆ.

ಆ ಮನೆಯನ್ನು ಅದು ಕಟ್ಟುವುದು ರೇಷ್ಮೆಯಿಂದ. ಶಿಡ್ಲಘಟ್ಟದಲ್ಲಿ ಹಣ್ಣಾದ ರೇಷ್ಮೆ ಹುಳು ಚಂದ್ರಿಕೆಯ ಮೇಲೆ ಗೂಡು ನೇಯುವುದು ಯಾವ ಜೊಲ್ಲುಗ್ರಂಥಿಯ ರೂಪಾಂತರದಿಂದಲೋ, ಕೆರೆ ನುಸಿಯ ಮರಿ ನೂಲು ಬಿಡುವುದೂ ಜೊಲ್ಲುಗ್ರಂಥಿಯಿಂದಲೇ. ನೂಲಿನಲ್ಲಿ ಗೋಡಿನ ಕಣ ಅಂಟಿಸಿ ಕೊಳವೆ ಮಾಡುತ್ತದೆ, ಅದರೊಳಗೆ ಮೈ ಅಲೆಯಾಡಿಸಿ ನೀರು ಹಾಯಿಸುತ್ತದೆ, ಬಂದ ಪಾಚಿಯ ಚೂರನ್ನು ತಿನ್ನುತ್ತದೆ. ಈ ನೂಲನ್ನು ಬಿಚ್ಚುವ ರೀಲರ್ ಯಾರೂ ಹುಟ್ಟಿಲ್ಲ. ಆದರೆ ಗ್ರಂಥಿಯನ್ನು ಬಿಚ್ಚಿ ನೋಡಿದವರಿದ್ದಾರೆ. 1881ರಲ್ಲಿ ಫ್ರಾನ್ಸಿನ ಬಾಲ್ಬಿಯಾನಿ ಆ ಗ್ರಂಥಿಯ ಕೋಶಗಳಲ್ಲಿ ಅಡ್ಡಪಟ್ಟೆಗಳುಳ್ಳ ದೈತ್ಯ ದಾರಗಳನ್ನು ಕಂಡರು. ಅವು ಕ್ರೋಮೋಸೋಮುಗಳೆಂದು ಜಗತ್ತಿಗೆ ಅರ್ಥವಾಗಲು 1930ರ ದಶಕದವರೆಗೆ ಕಾಯಬೇಕಾಯಿತು. ಒಂದೇ ದಾರ ಮತ್ತೆ ಮತ್ತೆ ನಕಲಾಗಿ, ಬೇರೆಯಾಗದೆ ಒಟ್ಟಿಗೇ ಅಂಟಿಕೊಂಡದ್ದರಿಂದ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಅವು ಕಾಣುತ್ತವೆ. ಎಲ್ಲಿ ವಂಶವಾಹಿ ಕೆಲಸ ಮಾಡುತ್ತಿದೆಯೋ ಅಲ್ಲಿ ದಾರ ಉಬ್ಬಿರುತ್ತದೆ. ಆ ಉಬ್ಬುಗಳಿಗೆ ಬಾಲ್ಬಿಯಾನಿ ಉಂಗುರಗಳೆಂದೇ ಹೆಸರು.

ವರ್ಗೀಕರಣಕ್ಕೆ ಇದರಿಂದ ಬಂದ ಲಾಭ ದೊಡ್ಡದು. ಕೈರೊನೊಮಸ್ ಕುಲದಲ್ಲಿ ಹೊರನೋಟಕ್ಕೆ ಒಂದೇ ಎನ್ನಿಸುವ, ಆದರೆ ಪರಸ್ಪರ ಕೂಡದ ಜೋಡಿ ಪ್ರಭೇದಗಳು ಬಹಳ. ಗಂಡಿನ ಜನನಾಂಗ, ಮರಿಯ ದವಡೆಯ ಹಲ್ಲು ನೋಡಿದರೂ ಕೆಲವೊಮ್ಮೆ ಬಗೆಹರಿಯುವುದಿಲ್ಲ. ಜೊಲ್ಲುಗ್ರಂಥಿಯ ಪಟ್ಟೆಗಳ ಕ್ರಮ ಎಲ್ಲಿ ತಿರುವುಮುರುವಾಗಿದೆ ಎಂದು ನೋಡಿ ಅವನ್ನು ಬೇರ್ಪಡಿಸುತ್ತಾರೆ. ಈಚೆಗೆ ಡಿಎನ್‌ಎ ಬಾರ್‌ಕೋಡು ಆ ಕೆಲಸಕ್ಕೆ ಬಂದಿದೆ.

ಕೋಲಾರದ ಕೆರೆಗಳಿಗೆ ಬಂದರೆ

ಕೆರೆಯಲ್ಲಿ ಯಾವ ನುಸಿ ಇದೆ ಎಂಬುದು ಕೆರೆಯ ಆರೋಗ್ಯವನ್ನೂ ಹೇಳುತ್ತದೆ. ಜರ್ಮನಿಯ ಆಗಸ್ಟ್ ಥೀನೆಮನ್ ಕಳೆದ ಶತಮಾನದ ಆರಂಭದಲ್ಲೇ ಸರೋವರಗಳನ್ನು ನುಸಿಯ ಹೆಸರಿನಲ್ಲಿ ವಿಂಗಡಿಸಿದರು. ತಳದವರೆಗೂ ಆಮ್ಲಜನಕವಿರುವ ತಿಳಿನೀರಿನ ಸರೋವರಗಳು ಟ್ಯಾನಿಟಾರ್ಸಸ್ ಸರೋವರಗಳು. ಪೋಷಕಾಂಶ ಹೆಚ್ಚಾಗಿ ಪಾಚಿ ಕಟ್ಟಿ ತಳದಲ್ಲಿ ಉಸಿರುಗಟ್ಟುವವು ಕೈರೊನೊಮಸ್ ಸರೋವರಗಳು.

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಗಿ ಕೋಲಾರದ ಕೆರೆಗಳಿಗೆ ಇಳಿಯಿತು. ಹೆಬ್ಬಾಳ–ನಾಗವಾರ ಕಣಿವೆಯ ನೀರು ಚಿಕ್ಕಬಳ್ಳಾಪುರದ ಕಡೆಗೆ ಬಂತು. ದಶಕಗಳಿಂದ ಜಾಲಿ ಬೆಳೆದು ಒಣಗಿದ್ದ ಕೆರೆಗಳಲ್ಲಿ ವರ್ಷವಿಡೀ ನೀರು ನಿಂತಿತು. ಇದು ಎರಡನೇ ಹಂತದವರೆಗೆ ಸಂಸ್ಕರಿಸಿದ ನೀರು. ಆ ಹಂತ ಕೊಳೆಯ ದೊಡ್ಡ ಪಾಲನ್ನು ತೆಗೆಯುತ್ತದೆ. ಸಾರಜನಕ, ರಂಜಕಗಳನ್ನು ಪೂರ್ತಿ ತೆಗೆಯಲು ಇನ್ನೊಂದು ಹಂತ ಬೇಕು. ಅವು ಉಳಿದರೆ ಪಾಚಿ, ಪಾಚಿ ಸತ್ತರೆ ಗೋಡು, ಗೋಡು ಇದ್ದರೆ ಕೆಂಪು ಮರಿ. ಆಳವಿಲ್ಲದ, ಬೆಚ್ಚಗಿನ, ಎಂದೂ ಒಣಗದ, ಪೋಷಕಾಂಶ ತುಂಬಿದ ಕೆರೆಗಿಂತ ಒಳ್ಳೆಯ ತವರು ಕೈರೊನೊಮಸ್‌ಗೆ ಸಿಗುವುದಿಲ್ಲ. ಮೊದಲಿನ ಕೆರೆಗಳು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತಿದ್ದಾಗ ಮರಿಗಳ ಪೀಳಿಗೆಯೂ ಕಡಿಯುತ್ತಿತ್ತು. ಬೆಚ್ಚಗಿನ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆಯವರೆಗೆ ಕೆಲವೇ ವಾರ ಸಾಕು, ಹಾಗಾಗಿ ಈಗ ಪೀಳಿಗೆಯ ಮೇಲೆ ಪೀಳಿಗೆ.

ಇಲ್ಲಿ ಸೊಳ್ಳೆಯ ಉಪಾಯಗಳು ನಡೆಯುವುದಿಲ್ಲ. ಸೊಳ್ಳೆಯ ಮರಿ ಉಸಿರಾಡಲು ನೀರಿನ ಮೇಲ್ಮೈಗೆ ಬರಬೇಕು; ಎಣ್ಣೆ ಸುರಿದರೆ ಸಾಯುವುದು ಅದಕ್ಕೇ. ಕೆರೆ ನುಸಿಯ ಮರಿ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಚರ್ಮದಿಂದಲೇ ಹೀರುತ್ತ ಕೆಳಗೆ ಗೋಡಿನಲ್ಲಿರುತ್ತದೆ. ಮೇಲ್ಮೈಯಲ್ಲಿ ಮೇಯುವ ಗಾಂಬೂಸಿಯಾ, ಗಪ್ಪಿ ಮೀನುಗಳಿಗೂ ಅದು ಸಿಗುವುದಿಲ್ಲ. ತಳ ಕೆದಕುವ ಸಾಮಾನ್ಯ ಗೆಂಡೆ ಮೀನಿಗೆ ಮಾತ್ರ ಅದು ಹಬ್ಬದೂಟ. ಫಾಗಿಂಗ್ ಹೊಗೆ ಆ ಸಂಜೆಯ ಹಿಂಡನ್ನು ಉದುರಿಸಬಹುದು, ಆದರೆ ಅವು ಹೇಗೂ ಕೆಲವೇ ದಿನದಲ್ಲಿ ಸಾಯುವವೇ, ನಾಳೆಯ ಹಿಂಡು ಕೆರೆಯ ತಳದಲ್ಲಿ ಸಿದ್ಧವಾಗಿರುತ್ತದೆ. ಕೆರೆಯ ಕಡೆ ಮುಖ ಮಾಡಿದ ಬಿಳಿ ದೀಪವನ್ನು ಮುಸ್ಸಂಜೆ ಆರಿಸುವುದು, ಹಳದಿ ಬೆಳಕಿನ ದೀಪ ಹಾಕುವುದು, ಕಿಟಕಿಗೆ ಜಾಲರಿ ಬಡಿಸುವುದು ಅಗ್ಗ ಮತ್ತು ಹೆಚ್ಚು ಫಲಕಾರಿ.

ಕಚ್ಚುವುದಿಲ್ಲ ಎಂದರೆ ತೊಂದರೆಯೇ ಇಲ್ಲ ಎಂದಲ್ಲ. ಸುಡಾನಿನ ನಿಮಿತ್ತಿ ಹಿಂಡು ಎದ್ದ ಕಾಲದಲ್ಲಿ ಅಲ್ಲಿನವರಿಗೆ ಆಸ್ತಮಾ, ಮೂಗು ಸೋರುವುದು ಹೆಚ್ಚುತ್ತಿತ್ತು. ಮರಿಯನ್ನು ಕೆಂಪಾಗಿಸುವ ಹಿಮೋಗ್ಲೋಬಿನ್ನೇ ಅಲರ್ಜಿಯ ಮೂಲ. ಸತ್ತ ಹುಳು ಒಣಗಿ ಪುಡಿಯಾಗಿ ಉಸಿರಿಗೆ ಸೇರುತ್ತದೆ. ಹಾಗಾಗಿ ಕಿಟಕಿಯ ಕೆಳಗಿನ ರಾಶಿಯನ್ನು ಒಣಪೊರಕೆಯಿಂದ ಎಬ್ಬಿಸುವ ಬದಲು ನೀರು ಚಿಮುಕಿಸಿ ಬಳಿಯುವುದು ಒಳ್ಳೆಯದು, ಮನೆಯಲ್ಲಿ ದಮ್ಮಿನವರಿದ್ದರೆ ಖಂಡಿತ.

ಇನ್ನೊಂದು ಅಪಾಯ ತಿಳಿದವರದು: ಇವು ಕಚ್ಚುವುದಿಲ್ಲ ಎಂದು ಗೊತ್ತಾದ ಮೇಲೆ ಕೆರೆಯ ಬದಿಯದೆಲ್ಲ ನಿರುಪದ್ರವಿ ಎಂದುಕೊಳ್ಳುವುದು. ಮಿದುಳು ಜ್ವರ ಹರಡುವ ಕ್ಯುಲೆಕ್ಸ್ ಸೊಳ್ಳೆಗಳು ಭತ್ತದ ಗದ್ದೆಯಲ್ಲೂ ಕೆರೆಯಂಚಿನ ಜೊಂಡಿನ ನಡುವಿನ ನಿಂತ ನೀರಿನಲ್ಲೂ ಬೆಳೆಯುತ್ತವೆ. ಕೋಲಾರ ಜಿಲ್ಲೆಗೆ ಆ ಜ್ವರ ಹೊಸದಲ್ಲ. ಡೆಂಗಿಯ ಈಡಿಸ್ ಸೊಳ್ಳೆಗೆ ಕೆರೆಯೇ ಬೇಡ, ಟ್ಯಾಂಕರ್ ನೀರು ತುಂಬಿಟ್ಟ ಡ್ರಮ್ಮು, ಸಂಪು, ಹಿತ್ತಲಿನ ಟೈರು ಸಾಕು. ಕೆರೆಯ ಹಿಂಡಿಗೆ ಹೆದರಿ ಬಾಗಿಲು ಹಾಕಿಕೊಂಡವರ ಮನೆಯ ಡ್ರಮ್ಮಿನ ಮುಚ್ಚಳ ತೆರೆದಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ನಿಮ್ಮ ಊರಿನ ಕೆರೆಯಲ್ಲಿ ಯಾವ ನುಸಿಗಳಿವೆ ಎಂದು ನೋಡಬೇಕಾದರೆ ಹುಳು ಹಿಡಿಯುವ ಅಗತ್ಯವೂ ಇಲ್ಲ. ಮರಿ ಕೋಶಾವಸ್ಥೆಗೆ ಬಂದು, ಕೋಶ ಮೇಲ್ಮೈಗೆ ಏರಿ, ಬೆನ್ನು ಸೀಳಿ ನುಸಿ ಹಾರಿಹೋದ ಮೇಲೆ ಖಾಲಿ ಪೊರೆ ನೀರಿನ ಮೇಲೆ ತೇಲುತ್ತದೆ. ಗಾಳಿ ಅವನ್ನು ಒಂದು ಮೂಲೆಗೆ, ಹೆಚ್ಚಾಗಿ ಕೋಡಿಯ ಅಥವಾ ತೂಬಿನ ಬಳಿಯ ನೊರೆಗೆ, ತಳ್ಳಿಟ್ಟಿರುತ್ತದೆ. ಪೊರೆಯ ಮೇಲಿನ ಮುಳ್ಳು ಮತ್ತು ಕೂದಲುಗಳ ಜೋಡಣೆ ಕುಲದಿಂದ ಕುಲಕ್ಕೆ ಬೇರೆ. ಚಹಾ ಸೋಸುವ ಜರಡಿಯಲ್ಲಿ ಆ ನೊರೆ ಎತ್ತಿ, ಸ್ಪಿರಿಟ್ಟಿನಲ್ಲಿ ಹಾಕಿ, ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಹಿಂದಿನ ಒಂದೆರಡು ದಿನದಲ್ಲಿ ಆ ಕೆರೆಯಿಂದ ಎದ್ದ ನುಸಿಗಳ ಹಾಜರಿ ಪಟ್ಟಿ ಸಿಗುತ್ತದೆ. ಪಂಚಾಯಿತಿಗೆ ಕೊಡುವ ಮುಂದಿನ ಅರ್ಜಿಗೆ ಅದನ್ನೂ ಲಗತ್ತಿಸಬಹುದು.